ಬಿಲ್ಲು ಕಟ್ಟಿದರೆ ಋಣ ತೀರಿತೇ?



"ನಮ್ಮ ದುಡ್ಡು, ನಮ್ಮ ಕರೆಂಟು. ದೀಪ ಉರಿದರೆ ಯಾರಿಗೇನು ನಷ್ಟ?" ಯಾರೂ ಇಲ್ಲದ ಕೋಣೆಯ ಸ್ವಿಚ್ ಆಫ್ ಮಾಡು ಎಂದರೆ ಮಕ್ಕಳು ಹೀಗೆ ಕೇಳುವುದುಂಟು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ.

2011ರ ಮಾರ್ಚ್ 11ರ ಭೂಕಂಪ, ಸುನಾಮಿಗಳ ನಂತರ ಫುಕುಶಿಮಾದಲ್ಲಿ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಆದರೆ ಅಲ್ಲಿಯ ದಾಯಿಚಿ ಅಣುಸ್ಥಾವರದ ವಿದ್ಯುತ್ ಹೋಗುತ್ತಿದ್ದುದು ಟೋಕಿಯೊ ಮತ್ತು ಅದರ ಸುತ್ತಲಿನ ಊರುಗಳಿಗೆ. ಬೆಳಕು ಒಬ್ಬರದು, ಕಷ್ಟ ಇನ್ನೊಬ್ಬರದು! ನಮ್ಮೂರಿನ ಕಥೆಯೂ ಬೇರೆಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಎಷ್ಟೋ ಹಳ್ಳಿಗಳು, ಅಡಿಕೆ ತೋಟಗಳು ಮುಳುಗಿದವು. ಆ ನದಿಯ ವಿದ್ಯುತ್ತಿನಿಂದ ದೂರದ ನಗರಗಳು ಬೆಳಗಿದವು.

ಹಾಗಾದರೆ ಬಿಲ್ಲು ಕಟ್ಟಿದರೆ ಬೆಲೆ ಸಂದಿತು, ಋಣ ತೀರಲಿಲ್ಲ. ನಾವು ಒಂದು ಬಲ್ಬು ಆರಿಸಿದರೆ ಮುಳುಗಿದ ತೋಟ ಮರಳಿ ಬರುವುದಿಲ್ಲ, ನಿಜ. ಆದರೆ ಇನ್ನೊಬ್ಬರು ಮನೆಮಠ ಬಿಟ್ಟು ಕೊಟ್ಟಿದ್ದನ್ನು ಬರಿದೇ ಪೋಲು ಮಾಡುವುದು ಕೃತಘ್ನತೆಯಲ್ಲವೇ? 2011ರ ಬೇಸಿಗೆಯಲ್ಲಿ ಟೋಕಿಯೊ, ತೊಹೊಕು ಭಾಗದ ಜನರಿಗೆ ಶೇಕಡಾ 15ರಷ್ಟು ಬಳಕೆ ತಗ್ಗಿಸಲು ಸರಕಾರ ಕೇಳಿಕೊಂಡಿತು. 'ಸೆತ್ಸುದೆನ್' ಎಂಬ ಮಾತು ಮನೆಮನೆಯದಾಯಿತು. ಎಸ್ಕಲೇಟರುಗಳು ನಿಂತವು, ನಿಲ್ದಾಣಗಳು ಮಬ್ಬಾದವು. ಅದನ್ನು ಯಾರೂ ಜಿಪುಣತನ ಎನ್ನಲಿಲ್ಲ.

ಈಗ ಉಳಿತಾಯ ಸುಲಭ. ಹಳೆಯ 60 ವ್ಯಾಟ್ ಬಲ್ಬಿನಷ್ಟು ಬೆಳಕನ್ನು 8-10 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಅದಕ್ಕೆ ದಾರಿ ಮಾಡಿದ ನೀಲಿ ಎಲ್‌ಇಡಿಗಾಗಿ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ 2014ರ ನೊಬೆಲ್ ಸಂದಿತು. ಫ್ರಿಜ್, ಏಸಿ ಕೊಳ್ಳುವಾಗ ನಕ್ಷತ್ರಗಳಿರುವ ಲೇಬಲ್ ನೋಡಿದರಾಯಿತು. ಆದರೆ "ಹೇಗೂ ಎಲ್‌ಇಡಿ ತಾನೆ" ಎಂದು ಹಗಲಿಡೀ ಉರಿಸಿದರೆ? ಯಂತ್ರ ಮಿತವಾಗಿ ಉಣ್ಣಬಲ್ಲದು. ಸಾಕು ಎನ್ನಬೇಕಾದವರು ನಾವೇ.

ಮಿತ ಎಂದರೆ ದೇಹದಂಡನೆಯೂ ಅಲ್ಲ. ಆಗಸ್ಟಿನ ಸೆಕೆಯಲ್ಲಿ ಊರಿನಿಂದ ಬಂದ ಅಜ್ಜಿಗೆ, ಹಸುಗೂಸಿಗೆ ಏಸಿ ಬೇಕೇ ಬೇಕು. ಅಲ್ಲಿ ಉಳಿಸಹೋಗುವುದು ಧರ್ಮವಲ್ಲ. ಅಗತ್ಯಕ್ಕೆ ಧಾರಾಳ, ಅಜಾಗ್ರತೆಗೆ ಕಡಿವಾಣ, ಇಷ್ಟೇ.

ನಮ್ಮ ಹಿರಿಯರು ದೇವರ ದೀಪವನ್ನು 'ಆರಿಸು' ಎನ್ನುತ್ತಿರಲಿಲ್ಲ, 'ಶಾಂತ ಮಾಡು' ಎನ್ನುತ್ತಿದ್ದರು. ಸ್ವಿಚ್ಚಿನ ಮೇಲೆ ಕೈಯಿಡುವಾಗಲೂ ಅದೇ ಗೌರವವಿದ್ದರೆ, ಮಕ್ಕಳ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಲಿಕ್ಕಿಲ್ಲ. ಏನಂತೀರಿ?