ಅಗೆದ ಭೂಮಿಯ ಋಣ

ಪ್ರಾತಃಕಾಲದಲ್ಲಿ ಎದ್ದು ನೆಲದ ಮೇಲೆ ಕಾಲಿಡುವ ಮೊದಲು ಭೂದೇವಿಯನ್ನು ಸ್ಮರಿಸಿ, ಪಾದಸ್ಪರ್ಶದ ಅಪರಾಧವನ್ನು ಕ್ಷಮಿಸೆಂದು ಬೇಡುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಊರು ಬಿಟ್ಟು ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ಬಂದ ನಮ್ಮ ಹಿರಿಯರು ಇದನ್ನು ಬಿಡಲಿಲ್ಲ. ಕಾಲು ತಗುಲಿದ್ದಕ್ಕೇ ಕ್ಷಮೆ ಬೇಡುವವರು, ಬೆಟ್ಟವನ್ನೇ ಅಗೆದು ಹಡಗಿಗೆ ತುಂಬುವ ಕಾರ್ಯಕ್ಕೆ ಏನನ್ನು ಬೇಡಬೇಕು? ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ನಮ್ಮ ಅನ್ನಕ್ಕೆ ಸಂಬಂಧಿಸಿದ ಪ್ರಶ್ನೆ.

1933ರಲ್ಲಿ ಆರಂಭವಾದ ವಿಶಾಖಪಟ್ಟಣ ಬಂದರಿಗೆ 1960ರ ದಶಕದಿಂದ ಬಸ್ತರದ ಬೈಲಾಡಿಲ ಬೆಟ್ಟಗಳ ಕಬ್ಬಿಣದ ಅದಿರು ರೈಲಿನಲ್ಲಿ ಬರುತ್ತಿದೆ. ಬಂದರಿನಲ್ಲಿಯೂ ಉಕ್ಕಿನ ಕಾರ್ಖಾನೆಯಲ್ಲಿಯೂ ದುಡಿದು ಸಂಸಾರ ನಡೆಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಅತ್ತ ಬೆಟ್ಟದ ಕೆಳಗೆ ಹರಿಯುವ ಶಂಖಿನಿಯ ನೀರು ಕೆಂಪಾಗಿ, ತೀರದ ಹೊಲಗಳು ಕೆಟ್ಟವೆಂದು ಅಲ್ಲಿಯ ರೈತರು ದಶಕಗಳಿಂದ ದೂರುತ್ತ ಬಂದಿದ್ದಾರೆ. ಲಾಭ ಬಂದರಿನಲ್ಲಿ, ನಷ್ಟ ಕಣಿವೆಯಲ್ಲಿ; ನಡುವೆ ನೂರಾರು ಮೈಲಿಗಳ ಅಂತರ. ಈ ಅಂತರವೇ ನಮ್ಮ ಮನಸ್ಸಾಕ್ಷಿಗೆ ನಿದ್ರೆ ತರಿಸುತ್ತದೆ.

ಇದೇ ಕಥೆ ನಮ್ಮ ತವರಿನಲ್ಲಿಯೂ ನಡೆಯಿತು. ಬಳ್ಳಾರಿ ಜಿಲ್ಲೆಯ ಸೊಂಡೂರು ಬೆಟ್ಟಗಳ ನಡುವೆ ಹರಿಯುವ ನಾರಿಹಳ್ಳ ತುಂಗಭದ್ರೆಯನ್ನು ಸೇರುತ್ತದೆ. ಅದೇ ತುಂಗಭದ್ರೆಯಲ್ಲಿ ನಾವು ಮಂತ್ರಾಲಯದಲ್ಲಿ ಸ್ನಾನ ಮಾಡುತ್ತೇವೆ. ಅದೇ ಮುಂದೆ ಕೃಷ್ಣೆಯನ್ನು ಕೂಡಿ ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ಬರುತ್ತದೆ. ದೂರದ ಬೆಟ್ಟವೆಂದು ಹೇಳುವುದಕ್ಕೆ ನಮಗೆ ಆಸ್ಪದವಿಲ್ಲ.

ಅಲ್ಲಿ ಮಿತಿಮೀರಿ ನಡೆದ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ 2011ರ ಜುಲೈ 29ರಂದು ನಿಲ್ಲಿಸಿತು. ಬಳ್ಳಾರಿ, ತುಮಕೂರು, ಚಿತ್ರದುರ್ಗ ಜಿಲ್ಲೆಗಳ 166 ಗುತ್ತಿಗೆಗಳನ್ನು ಪರಿಶೀಲಿಸಿ, ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಪ್ರತಿಯೊಂದು ಗಣಿಗೂ ಪುನಶ್ಚೇತನ ಯೋಜನೆಯನ್ನು ಒಪ್ಪಿಕೊಳ್ಳಬೇಕಾಯಿತು: ಕಲ್ಲುಮಣ್ಣಿನ ರಾಶಿಗಳನ್ನು ಮೆಟ್ಟಿಲಾಗಿಸಿ ಬುಡಕ್ಕೆ ತಡೆಗೋಡೆ ಕಟ್ಟುವುದು, ಕೊರಕಲುಗಳಿಗೆ ಒಡ್ಡು ಹಾಕಿ ಕೆಂಪು ಹೂಳು ಹೊಲಗಳಿಗೆ ಇಳಿಯದಂತೆ ತಡೆಯುವುದು, ಗಿಡ ನೆಡುವುದು. ಬಾಧಿತ ಪ್ರದೇಶದ ಸುಧಾರಣೆಗೆಂದು ಸಾವಿರಾರು ಕೋಟಿ ರೂಪಾಯಿ ಸಂಗ್ರಹವಾಯಿತು. 2022ರಲ್ಲಿ ಅದರ ವಿನಿಯೋಗಕ್ಕೆ ನಿವೃತ್ತ ನ್ಯಾಯಮೂರ್ತಿಯೊಬ್ಬರ ಮೇಲ್ವಿಚಾರಣೆ ಏರ್ಪಟ್ಟಿತು.

ಇಲ್ಲಿ ಧರ್ಮದ ಸೂಕ್ಷ್ಮವೊಂದಿದೆ. ಪ್ರಾಯಶ್ಚಿತ್ತವೆಂದರೆ ಶುಲ್ಕವಲ್ಲ. ಅದಕ್ಕೆ ಪಶ್ಚಾತ್ತಾಪ ಬೇಕು. ಮತ್ತೆ ಮಾಡೆನೆಂಬ ಸಂಕಲ್ಪ ಬೇಕು. ಪ್ರಾಯಶ್ಚಿತ್ತವಿದೆಯಲ್ಲ ಎಂಬ ಧೈರ್ಯದಿಂದಲೇ ಪಾಪ ಮಾಡುವವನಿಗೆ ಆ ಪ್ರಾಯಶ್ಚಿತ್ತ ಫಲಿಸದು. ಗಿಡ ನೆಡುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ ಬೆಟ್ಟವನ್ನು ಬಗೆಯುವುದು ಇದಕ್ಕಿಂತ ಹೇಗೆ ಭಿನ್ನ? ಮೇಲ್ಮಣ್ಣು ಒಂದಂಗುಲ ಕೂಡಲು ಶತಮಾನಗಳೇ ಬೇಕು. ಅದನ್ನು ಹೊಳೆಗೆ ಕಳೆದುಕೊಂಡ ಕಣಿವೆಗೆ ಯಾವ ನಿಧಿಯೂ ಅದನ್ನು ಹಿಂತಿರುಗಿಸಲಾರದು.

ಹಾಗಾದರೆ ಕಬ್ಬಿಣವೇ ಬೇಡವೇ ಎಂದು ಕೆಲವರು ಕೇಳಬಹುದು. ನೇಗಿಲ ಗುಳದಿಂದ ನಾವು ಓಡಾಡುವ ರೈಲಿನವರೆಗೆ ಎಲ್ಲಕ್ಕೂ ಅದು ಬೇಕು. ಬೇಡವೆನ್ನುವುದು ಆತ್ಮವಂಚನೆ. ಆದರೆ ಭಗವಂತನೊಬ್ಬನೇ ಸ್ವತಂತ್ರ, ಉಳಿದುದೆಲ್ಲ ಅವನ ಅಧೀನವೆಂದು ನಂಬುವ ನಮಗೆ ಭೂಮಿಯ ಒಡೆತನವಿಲ್ಲ. ನಾವು ಅದನ್ನು ನೋಡಿಕೊಳ್ಳುವವರು ಮಾತ್ರ. ಕೇಳಿ ಪಡೆದುದನ್ನು ಹಾಳುಮಾಡದೆ ಮುಂದಿನವರಿಗೆ ಒಪ್ಪಿಸುವುದು ಅಂಥವನ ಕರ್ತವ್ಯ. ಆದ್ದರಿಂದ ಅಗೆದ ಮೇಲೆ ಏನು ಸರಿಪಡಿಸಬಹುದು ಎಂಬ ಪ್ರಶ್ನೆಗಿಂತ, ಯಾವುದನ್ನು ಸರಿಪಡಿಸಲಾಗದು ಎಂಬ ಪ್ರಶ್ನೆ ಮೊದಲು ಬರಬೇಕು. ಸರಿಪಡಿಸಲಾಗದ ಕಡೆ ಅಗೆಯಬಾರದು. ಕುದುರೆಮುಖದಲ್ಲಿ ಭದ್ರೆಯ ಮೂಲದ ಕಾಡಿಗಾಗಿ 2005ರ ಕೊನೆಯಲ್ಲಿ ಗಣಿ ನಿಂತಿತು, ದೇಶವೇನೂ ಬಡವಾಗಲಿಲ್ಲ.

ನಾವು ಮಾಡಬಹುದಾದದ್ದೂ ಇದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗಳಿಗೆ ಅನುಮತಿ ಕೊಡುವ ಮುನ್ನ ಸಾರ್ವಜನಿಕ ವಿಚಾರಣೆ ನಡೆಯಬೇಕು. ಅದಕ್ಕೆ ಕನಿಷ್ಠ 30 ದಿನಗಳ ಮುಂಚೆ ಪ್ರಕಟಣೆ ಕೊಡಬೇಕು. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಗದ್ದೆಯೋ ತೋಟವೋ ಇದೆ, ಇಲ್ಲದಿದ್ದರೆ ದಾಯಾದಿಗಳಾದರೂ ಇದ್ದಾರೆ. ಆರಾಧನೆಗೆ ರಜೆ ಹಾಕಿ ಹೋಗುವ ನಾವು ಇಂಥ ವಿಚಾರಣೆಗೂ ಒಂದು ದಿನ ಹೋಗಿ, ಹಳ್ಳದ ನೀರು ಎಲ್ಲಿ ಹರಿಯುತ್ತದೆ, ಮೇಲ್ಮಣ್ಣನ್ನು ಎಲ್ಲಿ ಕಾಯ್ದಿಡುವಿರಿ ಎಂದು ಕೇಳಬಹುದು. ಬೆಳಗ್ಗೆ ಭೂದೇವಿಗೆ ಹೇಳಿದ ಮಾತು ಮಧ್ಯಾಹ್ನದ ನಡತೆಯಲ್ಲಿಯೂ ಉಳಿಯಲಿ.