ಹನ್ನೆರಡು ವರ್ಷದ ಮಗು ಯಾರ ಜೊತೆಯಲ್ಲಿದೆ?



ಪ್ರಭು ಯೇಸುವಿನ ಬಾಲ್ಯದ ಬಗ್ಗೆ ಶುಭಸಂದೇಶಗಳು ಹೇಳುವುದು ಬಹಳ ಕಡಿಮೆ. ನಜರೇತಿನಲ್ಲಿ ಅವರು ಬೆಳೆದ ಆ ದೀರ್ಘ ವರ್ಷಗಳಿಂದ ಸಂತ ಲೂಕರು ನಮಗಾಗಿ ಆರಿಸಿಕೊಟ್ಟಿರುವುದು ಒಂದೇ ಒಂದು ಘಟನೆ. ಆಗ ಯೇಸುವಿಗೆ ಹನ್ನೆರಡು ವರ್ಷ. ಪಾಸ್ಕ ಹಬ್ಬ ಮುಗಿಸಿ ಎಲ್ಲರೂ ಊರಿಗೆ ಹಿಂದಿರುಗುತ್ತಿದ್ದಾಗ ಬಾಲಕ ಯೇಸು ಜೆರುಸಲೇಮಿನಲ್ಲೇ ಉಳಿದರು. ತಂದೆತಾಯಿಗೆ ಇದು ತಿಳಿಯಲಿಲ್ಲ. ಮಗ ಬಂಧುಬಳಗದ ಗುಂಪಿನಲ್ಲಿ ಎಲ್ಲೋ ಇದ್ದಾನೆಂದು ಭಾವಿಸಿ ಅವರು ಒಂದು ದಿನದ ಹಾದಿ ನಡೆದುಬಿಟ್ಟರು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಮರಿಯಮ್ಮನವರಿಗಿಂತ ಪ್ರೀತಿಯ ತಾಯಿ ಇದ್ದಾರೆಯೇ? ಜೋಸೆಫರಿಗಿಂತ ಜವಾಬ್ದಾರಿಯುಳ್ಳ ತಂದೆ ಇದ್ದಾರೆಯೇ? ಜೊತೆಯಲ್ಲಿದ್ದವರೂ ಪರಕೀಯರಲ್ಲ, ಹಬ್ಬದ ಯಾತ್ರೆ ಮುಗಿಸಿ ಬರುತ್ತಿದ್ದ ಭಕ್ತಾದಿಗಳು, ನೆಂಟರಿಷ್ಟರು. ಆದರೂ ಮಗು ಜೊತೆಯಲ್ಲಿರಲಿಲ್ಲ! ‘ಬೇರೆ ಯಾರದಾದರೂ ಜೊತೆಯಲ್ಲಿ ಇರಬೇಕು’ ಎಂದು ಪ್ರತಿಯೊಬ್ಬರೂ ಅಂದುಕೊಂಡಾಗ, ಒಳ್ಳೆಯವರ ಗುಂಪಿನಲ್ಲಿಯೂ ಮಗುವೊಂದು ಕಾಣೆಯಾಗಬಹುದು.

ಹನ್ನೆರಡು ವರ್ಷ ಎಂಥ ವಯಸ್ಸು! ಮಗು ಎನ್ನುವಂತಿಲ್ಲ, ದೊಡ್ಡವರು ಎನ್ನುವಂತಿಲ್ಲ. ನಿನ್ನೆಯವರೆಗೆ ತಾಯಿಯ ಸೆರಗು ಹಿಡಿದು ಬರುತ್ತಿದ್ದ ಹುಡುಗ ಇಂದು ಹತ್ತು ಹೆಜ್ಜೆ ಹಿಂದೆ ನಡೆಯುತ್ತಾನೆ. ಎಲ್ಲವನ್ನೂ ಹೇಳುತ್ತಿದ್ದ ಹುಡುಗಿ ಇಂದು ಮೌನವಾಗುತ್ತಾಳೆ. ಅಮೆರಿಕದಲ್ಲಿ ಈ ವಯಸ್ಸಿನ ಮಕ್ಕಳಿಗೆಂದೇ ಪ್ರತ್ಯೇಕ ಶಾಲೆಗಳಿವೆ. ಐದು ಅಥವಾ ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಇವುಗಳನ್ನು ಅಲ್ಲಿ ಮಿಡ್ಲ್ ಸ್ಕೂಲ್ ಎನ್ನುತ್ತಾರೆ. ನಮ್ಮ ಹಿರಿಯ ಪ್ರಾಥಮಿಕ ಶಾಲೆಗೆ ಇದು ಹತ್ತಿರ. ಇಂತಹ ಒಂದು ಶಾಲೆಯ ಬದುಕನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ. ಅದು ನಮ್ಮ ಕಥೋಲಿಕ ಧರ್ಮಸಭೆಯ ಶಾಲೆಯಲ್ಲ, ಎಪಿಸ್ಕೋಪಲ್ ಸಭೆಯದು.

ಎಪಿಸ್ಕೋಪಲ್ ಸಭೆ ಎಂದರೆ ಅಮೆರಿಕದ ಆಂಗ್ಲಿಕನ್ ಸಭೆ. ಆ ದೇಶ ಇಂಗ್ಲೆಂಡಿನಿಂದ ಸ್ವತಂತ್ರವಾದ ಮೇಲೆ ಅಲ್ಲಿನ ಆಂಗ್ಲಿಕನ್ನರು ಈ ಹೆಸರಿನಲ್ಲಿ ಸಂಘಟಿತರಾದರು. ಬೆಂಗಳೂರಿನಲ್ಲಿ 1865ರಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆ ನಿಮಗೆ ಗೊತ್ತಿರಬಹುದು. ಅದೂ ಇದೇ ಆಂಗ್ಲಿಕನ್ ಪರಂಪರೆಯಲ್ಲಿ ಹುಟ್ಟಿದ್ದು. ‘ಎಪಿಸ್ಕೊಪೊಸ್’ ಎಂಬ ಗ್ರೀಕ್ ಪದದಿಂದಲೇ ಧರ್ಮಾಧ್ಯಕ್ಷರನ್ನು ಕರೆಯುವ ‘ಬಿಷಪ್’ ಎಂಬ ಪದವೂ ಬಂದಿದೆ. ಅದರ ಮೂಲಾರ್ಥ, ಮೇಲ್ವಿಚಾರಣೆ ಮಾಡುವವನು, ಕಣ್ಣಿಟ್ಟು ನೋಡಿಕೊಳ್ಳುವವನು ಎಂದು.

ಬಾಸ್ಟನ್ ನಗರದ ಡಾರ್ಚೆಸ್ಟರ್ ಎಂಬ ಬಡಾವಣೆಯಲ್ಲಿ ಎಪಿಫನಿ ಶಾಲೆ 1997ರಲ್ಲಿ ಸ್ಥಾಪನೆಯಾಯಿತು. ಸ್ಥಾಪಿಸಿದವರಲ್ಲಿ ಪ್ರಮುಖರು ಎಪಿಸ್ಕೋಪಲ್ ಗುರುಗಳಾದ ಜಾನ್ ಫಿನ್ಲಿ. ಜ್ಞಾನಿಗಳು ದೂರದಿಂದ ಬಂದು ಬಡ ಮನೆಯೊಂದರಲ್ಲಿ ಬಾಲಯೇಸುವನ್ನು ಕಂಡು ಆರಾಧಿಸಿದ ಹಬ್ಬದ ಹೆಸರೇ ಶಾಲೆಯ ಹೆಸರು. ಇಲ್ಲಿಗೆ ಬರುವವರು ಬಡ ಕುಟುಂಬಗಳ ಮಕ್ಕಳು. ಅವರು ಶುಲ್ಕ ಕೊಡಬೇಕಾಗಿಲ್ಲ.

ಈ ಶಾಲೆ ಅನುಸರಿಸಿದ ಮಾದರಿ ನಮ್ಮ ಯೇಸುಸಭೆಯ ಗುರುಗಳದು ಎಂಬುದನ್ನು ಸಂತೋಷದಿಂದ ನೆನೆಯೋಣ. 1971ರಲ್ಲಿ ಅವರು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಿನಲ್ಲಿ ವಲಸೆ ಬಂದ ಬಡವರ ಗಂಡುಮಕ್ಕಳಿಗಾಗಿ ನೇಟಿವಿಟಿ ಎಂಬ ಸಣ್ಣ ಶಾಲೆಯನ್ನು ಆರಂಭಿಸಿದರು. ಚಿಕ್ಕ ತರಗತಿ, ದೀರ್ಘ ದಿನ, ಶಾಲೆ ಬಿಟ್ಟ ಮೇಲೂ ಮಗುವಿನ ಹಿಂದೆ ಹೋಗುವ ಕಾಳಜಿ - ಇದು ಅವರ ಮಾದರಿ. ಆ ಶಾಲೆ 2012ರಲ್ಲಿ ಮುಚ್ಚಿತು. ಆದರೆ ಗೋಧಿಯ ಕಾಳು ಮಣ್ಣಿಗೆ ಬಿದ್ದಿತ್ತು, ಅದರ ಫಲ ಹಲವೆಡೆ ಬೆಳೆಯಿತು. ಅಂದು ನಮ್ಮವರಿಂದ ಅವರು ಕಲಿತರು, ಇಂದು ಅವರಿಂದ ನಾವು ಕಲಿಯೋಣ. ಪ್ರತ್ಯೇಕಗೊಂಡ ಸಹೋದರರಲ್ಲಿ ಪವಿತ್ರಾತ್ಮರು ನಡೆಸುವ ಕಾರ್ಯ ನಮ್ಮ ಆತ್ಮೋನ್ನತಿಗೂ ನೆರವಾಗುತ್ತದೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿಯೇ ನಮಗೆ ತಿಳಿಸಿದೆ.

ಬಾಸ್ಟನ್ನಿನಲ್ಲಿ ಇಂತಹ ಶಾಲೆಯ ಅಗತ್ಯವನ್ನು ಅರಿಯಲು ಆ ನಗರದ ಒಂದು ನೋವನ್ನು ತಿಳಿಯಬೇಕು. ಕರಿಯ ಮಕ್ಕಳೂ ಬಿಳಿಯ ಮಕ್ಕಳೂ ಸರ್ಕಾರಿ ಶಾಲೆಗಳಲ್ಲಿ ಜೊತೆಯಾಗಿ ಓದಬೇಕೆಂದು 1974ರಲ್ಲಿ ಅಲ್ಲಿನ ನ್ಯಾಯಾಲಯ ಆಜ್ಞೆ ಮಾಡಿತು. ಆ ಸೆಪ್ಟೆಂಬರಿನಲ್ಲಿ ಕರಿಯ ಮಕ್ಕಳನ್ನು ಕರೆದೊಯ್ಯುತ್ತಿದ್ದ ಬಸ್ಸುಗಳ ಮೇಲೆ ಸೌತ್ ಬಾಸ್ಟನ್ನಿನಲ್ಲಿ ಕಲ್ಲುಗಳು ಬಿದ್ದವು. ಆ ಬೀದಿಗಳಲ್ಲಿ ವಾಸವಾಗಿದ್ದವರು ಬಹುಪಾಲು ನಮ್ಮ ಕಥೋಲಿಕ ಕುಟುಂಬಗಳವರೇ! ತಮ್ಮ ಮಕ್ಕಳನ್ನು ಪ್ರೀತಿಸುತ್ತಿದ್ದ ತಂದೆತಾಯಿಯರೇ ಬೇರೆಯವರ ಮಕ್ಕಳನ್ನು ಮಕ್ಕಳೆಂದು ಕಾಣಲಾರದೆ ಹೋದರು. ಈ ಜಗಳದಿಂದ ತಪ್ಪಿಸಿಕೊಳ್ಳುವವರಿಗೆ ಕಥೋಲಿಕ ಶಾಲೆಗಳು ಅಡಗುತಾಣವಾಗಬಾರದು ಎಂದು ಅಂದಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಹಂಬರ್ಟೊ ಮೆಡೈರೋಸ್ ಸ್ಪಷ್ಟವಾಗಿ ಹೇಳಬೇಕಾಯಿತು. ನನ್ನ ಮಗು ಕ್ಷೇಮವಾಗಿದ್ದರೆ ಸಾಕು, ಉಳಿದ ಮಕ್ಕಳು ಏನಾದರೂ ಆಗಲಿ ಎಂಬ ಮನಸ್ಸು ಶುಭಸಂದೇಶದ ಮನಸ್ಸಲ್ಲ.

ಈಗ ಎಪಿಫನಿ ಶಾಲೆಯ ದಿನಚರಿಯನ್ನು ನೋಡೋಣ.

ಮೊದಲನೆಯದು, ಬಾಗಿಲು. ಅಂಕಪಟ್ಟಿ ನೋಡಿ ಜಾಣರನ್ನು ಮಾತ್ರ ಆರಿಸುವ ಪದ್ಧತಿ ಅಲ್ಲಿಲ್ಲ. ಚೀಟಿ ಎತ್ತಿ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಮನೆಯ ಆಸರೆ ತಪ್ಪಿ ಸರ್ಕಾರದ ಪಾಲನೆಗೆ ಬಂದಿರುವ ಮಕ್ಕಳಿಗೆ ವಿಶೇಷವಾಗಿ ಸ್ಥಳ ಮೀಸಲಿಡುತ್ತಾರೆ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸುವಾಗ ಪ್ರೇಷಿತರೂ ಚೀಟಿ ಹಾಕಿ ಆಯ್ಕೆಯನ್ನು ದೇವರಿಗೆ ಬಿಟ್ಟರಲ್ಲವೇ? ಹೀಗೆ ಬಂದ ಮಗುವನ್ನು, ಅದು ಹೇಗೇ ಇರಲಿ, ದೇವರು ಕಳುಹಿಸಿದ ಮಗುವೆಂದು ಬರಮಾಡಿಕೊಳ್ಳಬೇಕಾಗುತ್ತದೆ.

ಎರಡನೆಯದು, ಊಟ. ಶಾಲೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಸುಮಾರು 12 ಗಂಟೆಗಳು. ಹೊಟ್ಟೆ ಹಸಿದ ಮಗು ಗಣಿತ ಕಲಿಯಲಾರದು ಎಂಬುದು ಬಲ್ಲ ಮಾತು. ಅದಕ್ಕಾಗಿ ಮೂರು ಹೊತ್ತಿನ ಊಟವೂ ಅಲ್ಲಿಯೇ. ಪಾಠ, ಆಟ, ಸಂಜೆಯ ಓದು ಎಲ್ಲವೂ ಒಂದೇ ಸೂರಿನಡಿ. ಜೊತೆಯಲ್ಲಿ ಉಂಡವರು ಪರಸ್ಪರ ಮುಖ ನೋಡಲೇಬೇಕು. ಯಾರು ತಿನ್ನದೆ ಕುಳಿತಿದ್ದಾರೆ, ಯಾರ ಕಣ್ಣು ಕೆಂಪಾಗಿದೆ ಎಂಬುದು ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ, ಊಟದ ಮೇಜಿನಲ್ಲಿ ಕಾಣುತ್ತದೆ. ಎಮ್ಮಾವುಸಿನ ಶಿಷ್ಯರು ಪ್ರಭುವನ್ನು ಗುರುತಿಸಿದ್ದು ಊಟಕ್ಕೆ ಕುಳಿತಾಗಲೇ.

ಮೂರನೆಯದು, ಕುಟುಂಬ. ಶುಲ್ಕವಿಲ್ಲ ಎಂದರೆ ತಂದೆತಾಯಿಗೆ ಜವಾಬ್ದಾರಿ ಇಲ್ಲ ಎಂದರ್ಥವಲ್ಲ. ಅವರು ಬಿಡುವು ಮಾಡಿಕೊಂಡು ಬಂದು ಶಾಲೆಯ ಕೆಲಸದಲ್ಲಿ ಕೈಜೋಡಿಸಬೇಕು. ಇದರಿಂದ ಬಡವರ ಗೌರವ ಉಳಿಯುತ್ತದೆ. ಅವರು ಕೈಚಾಚಿ ಪಡೆಯುವವರಲ್ಲ, ಕೈಕೂಡಿಸಿ ಕಟ್ಟುವವರು. ಮಕ್ಕಳಿಗೆ ತಂದೆತಾಯಿಯರೇ ಮೊದಲ ಹಾಗೂ ಪ್ರಮುಖ ಶಿಕ್ಷಕರು ಎಂದು ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿದ್ದೂ ಇದನ್ನೇ.

ನಾಲ್ಕನೆಯದು, ಬೆನ್ನುಹತ್ತುವ ಪ್ರೀತಿ. ಯಾವ ಮಗುವನ್ನೂ ಕೈಬಿಡಬಾರದು ಎಂಬುದು ಆ ಶಾಲೆಯ ಸಂಕಲ್ಪ. ಎಂಟನೆಯ ತರಗತಿ ಮುಗಿಸಿದ ಮೇಲೆ ಮಗು ಬೇರೆ ಶಾಲೆಗೆ ಹೋದರೂ ಸಂಬಂಧ ಕಡಿಯುವುದಿಲ್ಲ. ಪ್ರೌಢಶಾಲೆ ಹೇಗೆ ನಡೆದಿದೆ, ಕಾಲೇಜು ಸೇರಿದರೋ ಇಲ್ಲವೋ ಎಂದು ಹಿಂದೆ ಹೋಗಿ ವಿಚಾರಿಸುತ್ತಾರೆ, ನೆರವಾಗುತ್ತಾರೆ. ಕಳೆದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಟ ಕುರುಬನ ಸಾಮತಿಯನ್ನು ಓದುವುದು ಸುಲಭ, ವರ್ಷಗಟ್ಟಲೆ ಹಾಗೆ ನಡೆಯುವುದು ಕಷ್ಟ.

ಇವೆಲ್ಲದರ ಬೇರು ಪ್ರಾರ್ಥನೆಯಲ್ಲಿದೆ. ಎಪಿಸ್ಕೋಪಲ್ ಶಾಲೆಗಳಲ್ಲಿ ಬೇರೆ ಬೇರೆ ಧರ್ಮಗಳ ಮಕ್ಕಳು ಓದುತ್ತಾರೆ. ಯಾರ ನಂಬಿಕೆಯನ್ನೂ ಕಿತ್ತುಕೊಳ್ಳದೆ, ತಮ್ಮ ನಂಬಿಕೆಯನ್ನೂ ಮುಚ್ಚಿಡದೆ, ಎಲ್ಲರೂ ಪ್ರಾರ್ಥನಾಲಯದಲ್ಲಿ ಒಟ್ಟುಗೂಡುವುದು ಈ ಶಾಲೆಗಳ ವಾಡಿಕೆ. ಪ್ರತಿಯೊಬ್ಬರಲ್ಲಿಯೂ ಕ್ರಿಸ್ತನನ್ನು ಅರಸುವುದಾಗಿ, ಪ್ರತಿ ಮಾನವನ ಘನತೆಯನ್ನು ಗೌರವಿಸುವುದಾಗಿ ಆ ಸಭೆಯವರು ದೀಕ್ಷಾಸ್ನಾನದಲ್ಲಿ ಮಾತು ಕೊಡುತ್ತಾರೆ. ಪ್ರತಿ ಮಗುವಿನ ಮುಖದಲ್ಲಿ ದೇವರ ಸಾನ್ನಿಧ್ಯವಿದೆ ಎಂದು ನಂಬಿದ ಮೇಲೆ ಆ ಮಗುವಿನ ಹೆಸರನ್ನು ಮರೆಯಲು ಹೇಗೆ ಸಾಧ್ಯ?

ಪ್ರಿಯರೇ, ಇಂತಹ ಶಾಲೆಗಳು ಚಿಕ್ಕವು, ದಾನಿಗಳ ಉದಾರತೆಯಿಂದ ನಡೆಯುವಂಥವು. ಚೀಟಿಯಲ್ಲಿ ಹೆಸರು ಬಾರದ ಮಕ್ಕಳು ಹೊರಗೇ ಉಳಿಯುತ್ತಾರೆ. ಹಾಗಾದರೆ ಅವರನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆ ಬಾಸ್ಟನ್ನಿಗೆ ಮಾತ್ರ ಸೇರಿದ್ದಲ್ಲ. ‘ಶಾಲೆಯವರು ನೋಡಿಕೊಳ್ಳುತ್ತಾರೆ’ ಎನ್ನುತ್ತಾರೆ ತಂದೆತಾಯಿ. ‘ಮನೆಯವರು ನೋಡಿಕೊಳ್ಳಲಿ’ ಎನ್ನುತ್ತಾರೆ ಶಿಕ್ಷಕರು. ‘ಸ್ವಾಮಿಗಳೂ ಸಿಸ್ಟರುಗಳೂ ಇದ್ದಾರಲ್ಲ’ ಎನ್ನುತ್ತದೆ ಧರ್ಮಕೇಂದ್ರ. ಹೀಗೆ ಎಲ್ಲರೂ ಒಂದು ದಿನದ ಹಾದಿ ನಡೆದಿರುತ್ತೇವೆ.

ಮರಿಯಮ್ಮನವರೂ ಜೋಸೆಫರೂ ಏನು ಮಾಡಿದರು? ತಪ್ಪು ನಿನ್ನದು, ನನ್ನದು ಎಂದು ದಾರಿಯಲ್ಲಿ ನಿಂತು ವಾದಿಸಿದರೆಂದು ಸಂತ ಲೂಕರು ಬರೆದಿಲ್ಲ. ಅವರು ಹಿಂದಿರುಗಿ ಹುಡುಕಿದರು. ಮೂರನೆಯ ದಿನ ಮಗ ಸಿಕ್ಕಿದ್ದು ಮಹಾದೇವಾಲಯದಲ್ಲಿ, ಬೋಧಕರ ನಡುವೆ. ಆ ಹಿರಿಯರನ್ನೂ ನೆನೆಯೋಣ. ಹನ್ನೆರಡು ವರ್ಷದ ಹುಡುಗನಿಗೆ ಇಲ್ಲೇನು ಕೆಲಸ ಎಂದು ಅವರು ಗದರಿಸಿ ಕಳುಹಿಸಲಿಲ್ಲ. ತಮ್ಮ ನಡುವೆ ಸ್ಥಳ ಕೊಟ್ಟರು, ಅವನ ಪ್ರಶ್ನೆಗಳಿಗೆ ಕಿವಿಗೊಟ್ಟರು. ಮಗನ ಉತ್ತರ ತಾಯಿಗೆ ಅರ್ಥವಾಗಲಿಲ್ಲ, ಆದರೂ ಅದನ್ನು ತಳ್ಳಿಹಾಕದೆ ಮನದಲ್ಲಿಟ್ಟುಕೊಂಡರು.

ಆದ್ದರಿಂದ ಈ ವಾರ ಮೂರು ಕೆಲಸಗಳನ್ನು ಮಾಡೋಣ. ದಿನಕ್ಕೆ ಒಂದು ಹೊತ್ತಾದರೂ ದೂರದರ್ಶನ, ಮೊಬೈಲುಗಳನ್ನು ದೂರವಿಟ್ಟು ಮಕ್ಕಳೊಂದಿಗೆ ಕುಳಿತು ಊಟ ಮಾಡೋಣ. ಮಗು ಕೇಳುವ ಪ್ರಶ್ನೆ, ಅದು ದೇವರ ಬಗ್ಗೆಯೇ ಸಂಶಯದ ಪ್ರಶ್ನೆಯಾಗಿದ್ದರೂ, ಬಾಯಿ ಮುಚ್ಚಿಸದೆ ಕೇಳೋಣ. ಭಾನುವಾರದ ಧರ್ಮೋಪದೇಶ ತರಗತಿಗೆ ಬರುವುದನ್ನು ನಿಲ್ಲಿಸಿರುವ ಒಂದು ಮಗುವಿನ ಹೆಸರನ್ನು ನೆನಪಿಸಿಕೊಂಡು, ಆ ಮನೆಯ ಬಾಗಿಲು ತಟ್ಟೋಣ. ಅದು ನಮ್ಮ ಮಗುವೇ ಆಗಿರಬೇಕಾಗಿಲ್ಲ.

ಓ ಪ್ರಭುವೇ, ಹನ್ನೆರಡನೆಯ ವಯಸ್ಸಿನಲ್ಲಿ ಹಿರಿಯರ ನಡುವೆ ಕುಳಿತು ಪ್ರಶ್ನೆ ಕೇಳಿದವರು ನೀವು. ನಜರೇತಿಗೆ ಹಿಂದಿರುಗಿ ತಂದೆತಾಯಿಗೆ ವಿಧೇಯರಾಗಿ ಬೆಳೆದವರೂ ನೀವೇ. ನಮ್ಮ ಮಕ್ಕಳು ಯಾರ ಜೊತೆಯಲ್ಲಿದ್ದಾರೆಂದು ನೋಡುವ ಕಣ್ಣನ್ನೂ, ಹಿಂದಿರುಗಿ ಹುಡುಕುವ ಕಾಲುಗಳನ್ನೂ, ಕಂಡಾಗ ಕಿವಿಗೊಡುವ ಹೃದಯವನ್ನೂ ನಮಗೆ ದಯಪಾಲಿಸಿರಿ. ಆಮೆನ್.