ಬಿಟ್ಟಿಯಾಗಿ ಬಂದುದರ ಋಣ

ಬೆಲೆ ಕೊಟ್ಟು ಕೊಂಡ ವಸ್ತುವಿನ ಲೆಕ್ಕ ಅಂಗಡಿಯಲ್ಲೇ ಮುಗಿಯುತ್ತದೆ. ಬಿಟ್ಟಿಯಾಗಿ ಬಂದುದರ ಲೆಕ್ಕ ಎಲ್ಲಿ ಮುಗಿಯಬೇಕು? ಬಹು ಹಳೆಯದಾದ ಈ ಪ್ರಶ್ನೆ ಕಂಪ್ಯೂಟರಿನ ಲೋಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ.

ದೂರದೇಶದ ಮಕ್ಕಳೊಡನೆ ಮಾತನಾಡಲು ನಮ್ಮಲ್ಲಿ ಅನೇಕರು ಒಂದು ಕಾಲಕ್ಕೆ ನೆಚ್ಚಿದ್ದು ಸ್ಕೈಪನ್ನು. 2003ರಲ್ಲಿ ಆರಂಭವಾಗಿ 2025ರಲ್ಲಿ ನಿಂತುಹೋದ ಈ ವ್ಯವಸ್ಥೆಯಲ್ಲಿ, ಮೊದಮೊದಲು ಕರೆಗಳೆಲ್ಲ ಒಂದು ಕೇಂದ್ರವನ್ನು ಹಾದು ಹೋಗಬೇಕಾಗಿರಲಿಲ್ಲ. ಬಳಸುವವರ ಮನೆಯ ಕಂಪ್ಯೂಟರುಗಳೇ ಪರಸ್ಪರ ಕೈಜೋಡಿಸುತ್ತಿದ್ದವು. ಕೆಲವು ಯಂತ್ರಗಳು ಪರರ ಮಾತನ್ನೂ ದಾಟಿಸಿಕೊಡುತ್ತಿದ್ದವು. ಜನ ಹಂಚಿಕೊಂಡ ಬಲದಿಂದಲೇ ಸಂಸ್ಥೆ ಬೆಳೆಯಿತೆನ್ನಬೇಕು.

ಇದೇ ಸಂಸ್ಥೆ ತನ್ನ ಜಾಲಕ್ಕೆಂದು ಎಸ್‌ಎಂಸಿ ಕಂಪನಿಯ ಫೋನೊಂದನ್ನು ಮಾರಿತು. ಅದರೊಳಗಿದ್ದುದು ಲಿನಕ್ಸ್. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಅನೇಕರು ಕೂಡಿ ಬೆಳೆಸಿದ ಲಿನಕ್ಸನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಆದರೆ ಅದಕ್ಕೆ ಜಿಪಿಎಲ್ ಎಂಬ ಕರಾರು ಅಂಟಿಕೊಂಡಿದೆ. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಮೊದಲು ಹೊರತಂದ ಕರಾರು ಇದು. ಮುಂದಿನವರಿಗೆ ಕೊಡುವಾಗ ಈ ಕರಾರಿನ ಪ್ರತಿಯನ್ನು ಜೊತೆಗಿಡಬೇಕು. ಕಾರ್ಯಕ್ರಮದ ಮೂಲ ಬರಹವನ್ನಾಗಲಿ, ಅದನ್ನು ಒದಗಿಸುವೆವೆಂಬ ಲಿಖಿತ ವಚನವನ್ನಾಗಲಿ ಕೊಡಬೇಕು. ಅಡುಗೆ ಬಡಿಸುವುದರ ಜೊತೆಗೆ ಮಾಡುವ ಬಗೆಯನ್ನೂ ತಿಳಿಸಿದ ಹಾಗೆ.

ಫೋನು ಕೊಂಡವರಿಗೆ ಇವು ಸರಿಯಾಗಿ ದೊರೆಯಲಿಲ್ಲ. ಲಿನಕ್ಸಿಗಾಗಿ ದುಡಿದವರಲ್ಲಿ ಒಬ್ಬರಾದ ಹರಾಲ್ಡ್ ವೆಲ್ಟೆ ಜರ್ಮನಿಯ ಮ್ಯೂನಿಕ್ ನ್ಯಾಯಾಲಯಕ್ಕೆ ದೂರಿತ್ತರು. ಅಂತರಜಾಲದ ವಿಳಾಸ ಬರೆದ ಚೀಟಿಯಿಟ್ಟರೆ ಸಾಲದೆಂದು 2007ರಲ್ಲಿ ತೀರ್ಪಾಯಿತು. ಮೇಲ್ಮನವಿ ಸಲ್ಲಿಸಿದ್ದ ಸಂಸ್ಥೆ 2008ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಒಂದು ಚೀಟಿಗೆ ಇಷ್ಟು ರಂಪವೇಕೆ? ಕೊಟ್ಟವರಿಗೆ ಕಾಸಿನ ನಷ್ಟವೂ ಇಲ್ಲ. ಶರತ್ತು ಹಾಕಿ ಕೊಟ್ಟದ್ದು ದಾನವೇ ಅಲ್ಲ ಎಂದೂ ಕೇಳುವವರುಂಟು. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ದಾನಿ ತನಗಾಗಿ ಏನನ್ನಾದರೂ ಬೇಡಿದರೆ ಅದು ವ್ಯಾಪಾರವೇ ಸರಿ. ಆದರೆ ಇಲ್ಲಿ ಕೇಳುತ್ತಿರುವುದು ತಾನು ಎಂದೂ ಕಾಣದ ಮೂರನೆಯವನ ಪರವಾಗಿ. ನನಗೆ ಹಿಂದಿರುಗಿಸಬೇಡ, ಅವನಿಗೆ ದಾರಿ ಕಟ್ಟಬೇಡ ಎಂಬುದಷ್ಟೆ ಬೇಡಿಕೆ.

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅಂಥ ಒಂದು ಪ್ರತಿ ಪಡೆದವನು, ನಕಲು ಮಾಡಿಕೊಳ್ಳಲು ಬಂದವರಿಗೆ ಪೆಟ್ಟಿಗೆಯ ಬೀಗ ತೋರಿಸಿದ್ದರೆ? ಅವನು ಕದ್ದಿಲ್ಲ, ಸುಳ್ಳಾಡಿಲ್ಲ. ಆದರೂ ಆ ದಾನ ಅವನ ಮನೆಯಲ್ಲೇ ಸತ್ತಂತೆ. ಹಂಚಿಕೆಯಿಂದಲೇ ಬಾಳಿದ ಸಂಸ್ಥೆ ಹಂಚಲು ಹಿಂಜರಿದುದರಲ್ಲಿ ನಮ್ಮನ್ನು ಚುಚ್ಚುವುದು ಇದೇ.

ಊರು ಬಿಟ್ಟು ಬಂದ ನಮಗೆ ಈ ಋಣ ಹೊಸದೇನಲ್ಲ. ಮೊದಲು ಬಂದಾಗ ಚಾಪೆ ಹಾಸಿ ಜಾಗ ಕೊಟ್ಟವರಿಗೆ, ನೌಕರಿಯ ವಿಳಾಸ ತಿಳಿಸಿದವರಿಗೆ ನಾವು ಏನನ್ನು ಹಿಂದಿರುಗಿಸಿದೆವು? ಅವರು ಕೇಳಲೂ ಇಲ್ಲ. ಊರಿನಿಂದ ಹೊಸದಾಗಿ ಬಂದ ಹುಡುಗ ಬಾಗಿಲು ತಟ್ಟಿದಾಗ ತೆರೆದೆವೋ ಇಲ್ಲವೋ ಎಂಬುದರಲ್ಲಿ ಆ ಲೆಕ್ಕ ಇದೆ.